ಪೆಟ್ಟಿಗೆಯ ತಲೆಯ ಕಡೆ ಇಡುವ ಮುಖ

ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ಆ ಚಿತ್ರವನ್ನು ತೂಗುಹಾಕಿದ್ದ ಗೋಡೆ ಕಡುಹಸಿರು ಎಂದು ನನ್ನ ನೆನಪು. ಜೊತೆಯಲ್ಲಿ ಕೆಲಸ ಮಾಡುವವರು ಬೂದು ಎನ್ನುತ್ತಾರೆ. ಅಂದು ಮಾವ್ಶಿ ಕಂದು ಬಣ್ಣದ ಸೀರೆ ಉಟ್ಟಿದ್ದಳೆಂದು ದಿನಚರಿಯಲ್ಲಿದೆ. ಆದರೆ ದಿನಚರಿಯನ್ನು ಬರೆದವಳೂ ನಾನೇ ಆದ್ದರಿಂದ ಅದನ್ನು ಎರಡನೆಯ ಸಾಕ್ಷಿ ಎಂದು ಕರೆಯುವ ಧೈರ್ಯವಿಲ್ಲ. ನಮ್ಮ ಮಾತೆಲ್ಲ ನಡೆದದ್ದು ಕೊಂಕಣಿಯಲ್ಲಿ. ಅದನ್ನು ನಮ್ಮ ಕರಾವಳಿಯ ಕನ್ನಡಕ್ಕೆ ತರುವಾಗ ಎಲ್ಲೋ ಒಂದಿಷ್ಟು ಸೇರಿರಬಹುದು, ಒಂದಿಷ್ಟು ಬಿಟ್ಟುಹೋಗಿರಬಹುದು. ಆ ಚಿತ್ರದ ಎದುರು ನಿಂತು ಅವಳು ಹೇಳಿದ ಒಂದು ಮಾತಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಅದು ಬರುವ ಜಾಗದಲ್ಲಿ ಬರುತ್ತದೆ.

ಮಾವ್ಶಿ ಎಂದರೆ ನನ್ನ ಅಮ್ಮನ ಅಕ್ಕ; ನನ್ನನ್ನು ಅವಳು ಕರೆಯುವುದು ಬಾಯೆ, ಎಂದರೆ ಮಗಳೇ, ಎಂದು. ಮದುವೆಯಾಗಲಿಲ್ಲ. ನರ್ಸಿಂಗ್ ಮುಗಿಸಿದ್ದೇ ಗಲ್ಫಿನ ಅಲ್ ಐನ್‌ಗೆ ಬಂದವಳು ಅಲ್ಲಿನ ವಾರ್ಡುಗಳಲ್ಲೇ ತನ್ನ ದುಡಿಮೆಯ ವರ್ಷಗಳನ್ನೆಲ್ಲ ಕಳೆದಳು. ಈಗ ನಿವೃತ್ತಿಯಾಗಿತ್ತು, ವೀಸಾ ಮುಗಿಯುತ್ತಿತ್ತು. ಊರಿನಲ್ಲಿ ಅವಳ ತಮ್ಮ, ನನ್ನ ಮಾಮ, ಮನೆಯನ್ನು ಹೊಸದಾಗಿ ಕಟ್ಟಿಸಿ ಅವಳಿಗೆಂದೇ ಒಂದು ಕೋಣೆ ಮಾಡಿಸಿದ್ದ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದ, ಕಿಟಕಿಗೆ ಸೊಳ್ಳೆ ಬಲೆ ಬಡಿಸಿದ್ದ. ಪ್ರತಿ ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಫೋನ್ ಮಾಡಿ "ಯಾವಾಗ ಬರ್ತೀ?" ಎಂದು ಕೇಳುತ್ತಿದ್ದ. ಮಾವ್ಶಿ ಮಾತ್ರ ಮಂಗಳೂರಿನಲ್ಲಿ ಒಂದು ಬಾಡಿಗೆ ಫ್ಲಾಟ್ ನೋಡುತ್ತಿದ್ದಳು. ಕಾರಣ ಕೇಳಿದರೆ "ನನಗೆ ಲಿಫ್ಟ್ ಅಭ್ಯಾಸ ಆಗಿದೆ" ಎನ್ನುತ್ತಿದ್ದಳು. ಮಾಮನ ಮನೆಗೆ ಮಹಡಿಯೇ ಇಲ್ಲ ಎಂದು ಹೇಳಿದರೆ, "ಅದೇ ತೊಂದರೆ" ಎಂದು ನಗುತ್ತಿದ್ದಳು.

ತಮ್ಮನಿಗೆ ಇದರಿಂದ ನೋವಾಗಿತ್ತು. ಅವನು ನನಗೂ ಫೋನ್ ಮಾಡಿದ್ದ. "ನನ್ನ ಹೆಂಡತಿ ಎಂತಾದ್ರೂ ಹೇಳಿದಾಳಾ ಕೇಳು ಮಾರಾಯ್ತಿ. ಅಕ್ಕ ಬೇರೆ ಮನೆ ಮಾಡಿದ್ರೆ ಊರವರು ನನ್ನ ಮುಖಕ್ಕೆ ಉಗೀತಾರೆ."

ಹೊರಡುವ ಮೊದಲಿನ ಕೆಲವು ವಾರ ಅವಳು ಅಲ್ ಐನ್‌ನ ಮನೆ ಖಾಲಿ ಮಾಡಿ ಖಲೀಫಾ ಸಿಟಿಯ ನಮ್ಮ ಮನೆಯಲ್ಲಿದ್ದಳು. ವಿಲ್ಲಾ ಒಂದನ್ನು ಭಾಗ ಮಾಡಿ ಬಾಡಿಗೆಗೆ ಕೊಟ್ಟ ಎರಡು ಕೋಣೆಯ ಮನೆ ನಮ್ಮದು. ಮಗಳ ಮಂಚದ ಪಕ್ಕ ಅವಳ ಪೆಟ್ಟಿಗೆಗಳು, ಕಂಬಳಿಗಳು. ನಾನು ಅಬುಧಾಬಿಯ ಒಂದು ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡುತ್ತೇನೆ. ಬಂದವರನ್ನು ಸುತ್ತಾಡಿಸಿ ವಸ್ತುಗಳನ್ನು ವಿವರಿಸುವುದು ನನ್ನ ಕೆಲಸ. ಓದಿದ್ದು ಇತಿಹಾಸ. ಆ ಚಳಿಗಾಲದಲ್ಲಿ ಪೋಲೆಂಡಿನಿಂದ ಒಂದು ಪ್ರದರ್ಶನ ಬಂದಿತ್ತು: ಹದಿನಾರರಿಂದ ಹದಿನೆಂಟನೆಯ ಶತಮಾನದವರೆಗಿನ ಬಟ್ಟೆ, ಖಡ್ಗ, ರತ್ನಗಂಬಳಿ, ಚಿತ್ರಗಳು. ಅದಕ್ಕಾಗಿ ತಿಂಗಳುಗಟ್ಟಲೆ ಓದಿದ್ದೆ. ಊಟದ ಹೊತ್ತಿಗೂ ಪೋಲೆಂಡಿನ ಮಾತೇ ಆಡುತ್ತಿದ್ದೆನೆಂದು ಮನೆಯವರ ದೂರು. "ನಿನ್ನ ಪೋಲೆಂಡನ್ನು ಒಮ್ಮೆ ತೋರಿಸು, ನೋಡಿ ಮುಗಿಸುವಾ" ಎಂದು ಮಾವ್ಶಿಯೇ ಹೇಳಿದಳು. ನನ್ನ ರಜಾದಿನದಂದು ಅವಳನ್ನೂ ಮಗಳನ್ನೂ ಕರೆದುಕೊಂಡು ಹೋದೆ.

ನನ್ನ ಕೆಲಸವನ್ನು ನಾನು ಚೆನ್ನಾಗಿ ಮಾಡುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನೆನಪಿನ ವಿಷಯದಲ್ಲಿ ನಾನು ಪುಕ್ಕಲಿ, ಆದರೆ ಕಣ್ಣೆದುರು ಒಂದು ವಸ್ತು ಇದ್ದರೆ ಅದನ್ನು ಮಾತಾಡಿಸಬಲ್ಲೆ. ಮೊದಲ ಕೋಣೆಯಲ್ಲಿ ಕುಲೀನರ ಉದ್ದ ನಿಲುವಂಗಿಗಳಿದ್ದವು, ತೋಳುಗಳನ್ನು ಸೀಳಿ ಹೆಗಲ ಹಿಂದಕ್ಕೆ ಇಳಿಬಿಟ್ಟಂಥವು. ಹಿಂದಿನ ದಿನ ಎಮಿರಾತಿ ಅಜ್ಜನೊಬ್ಬ ಅದರೆದುರು ನಿಂತು ತನ್ನ ಮೇಲಂಗಿಯಾದ ಬಿಶ್ತ್‌ನ ಜರಿಯಂಚನ್ನು ಮುಟ್ಟಿ ನೋಡಿಕೊಂಡು, "ಇವರು ನಮ್ಮವರಾ?" ಎಂದು ಕೇಳಿದ್ದ. ಕೇಳುವುದು ಸಹಜ. ಯುರೋಪಿನ ನಡುವೆ ಇದ್ದುಕೊಂಡು ಆ ಕುಲೀನರು ತಾವು ಪೂರ್ವದ ಬಯಲುಗಳಿಂದ ಕುದುರೆ ಏರಿ ಬಂದ ಪುರಾತನ ಯೋಧರ ವಂಶ ಎಂದು ನಂಬಿದ್ದರು. ತಲೆ ಬೋಳಿಸಿ, ಮೀಸೆ ಬಿಟ್ಟು, ತುರ್ಕರಂತೆ ಬಟ್ಟೆ ತೊಟ್ಟು, ಅದೇ ತುರ್ಕರ ಮೇಲೆ ಯುದ್ಧಕ್ಕೆ ಹೋಗುತ್ತಿದ್ದರು. ತಮ್ಮ ರಾಜನನ್ನು ಮತ ಹಾಕಿ ಆರಿಸುತ್ತಿದ್ದರು.

ನಿಲುವಂಗಿಯ ಮೇಲೆ ಸೊಂಟಕ್ಕೆ ಕಟ್ಟುವ ರೇಷ್ಮೆಯ ನಡುಕಟ್ಟು ಮಾವ್ಶಿಗೆ ಹಿಡಿಸಿತು. ಎರಡು ಬದಿಯಲ್ಲೂ ಬೇರೆ ಬೇರೆ ನೇಯ್ಗೆ, ಪ್ರತಿ ಬದಿಯ ಎರಡು ಅರ್ಧಕ್ಕೂ ಬೇರೆ ಬಣ್ಣ; ಮಡಚಿದ ಹಾಗೆ ನಾಲ್ಕು ಮುಖ. ಹಬ್ಬಕ್ಕೆ ಚಿನ್ನದ ಬದಿ, ಸಾವಿಗೆ ಕಪ್ಪು ಬದಿ ಹೊರಗೆ.

"ಬುದ್ಧಿವಂತರು" ಎಂದಳು. "ಒಂದು ತಗೊಂಡ್ರೆ ಮದುವೆಗೂ ಆಯ್ತು, ಮರಣಕ್ಕೂ ಆಯ್ತು. ನಮಗೆ ಎರಡಕ್ಕೂ ಬೇರೆ ಬೇರೆ ಸೀರೆ ಬೇಕು."

ಮುಂದೆ ಒಂದು ಪೇಟೆ ಚೌಕದ ಮಾದರಿ ಇತ್ತು. ಸುತ್ತ ಕಮಾನುಗಳ ಸಾಲು, ಅದರ ಕೆಳಗೆ ಅಂಗಡಿಗಳು, ಮೇಲೆ ವ್ಯಾಪಾರಿಗಳ ಮನೆಗಳು. ಮನೆಗಳ ನೆತ್ತಿಯ ಮೇಲೆ ಕಿರೀಟದಂಥ ಗೋಡೆ. ಇಟಲಿಯಿಂದ ಬಂದ ಶಿಲ್ಪಿಗಳು ಕಲಿಸಿದ್ದನ್ನು ಅಲ್ಲಿಯವರು ತಮ್ಮದೇ ಮಾಡಿಕೊಂಡಿದ್ದರು. ಗೋಡೆಯ ಹಿಂದೆ ಮಾಡು ಒಳಮುಖವಾಗಿ ಇಳಿಜಾರಾಗಿರುತ್ತದೆ, ಬೀದಿಯಿಂದ ಕಾಣುವುದಿಲ್ಲ. ಒಂದು ಮನೆಗೆ ಬೆಂಕಿ ಬಿದ್ದರೆ ಪಕ್ಕದ ಮಾಡಿಗೆ ಹಾರದಿರಲಿ ಎಂದು ಈ ಉಪಾಯ, ಆಮೇಲೆ ಅದೇ ಅಲಂಕಾರವಾಯಿತು ಎಂದು ವಿವರಿಸಿದೆ. ಮಾವ್ಶಿ ಮಾದರಿಯ ಮೇಲೆ ಬಗ್ಗಿ ನೋಡಿದಳು.

"ಒಳಗೆ ಇಳಿದ್ರೆ ಮಳೆ ನೀರು ಎಲ್ಲಿಗೆ ಹೋಗ್ತದೆ?"

"ಗೋಡೆಯಲ್ಲಿ ಕಿಂಡಿ ಇಟ್ಟು ದೋಣಿಯಂಥ ಮರದ ಕೊಳವೆಯಲ್ಲಿ ಹೊರಗೆ ಬಿಡ್ತಿದ್ರು. ಸೋರ್ತಿತ್ತು. ಹಿಮ ಬಿದ್ರೆ ಇನ್ನೂ ಕಷ್ಟ."

"ಸೋರಿದ್ರೂ ಬೀದಿಯವರಿಗೆ ಗೊತ್ತಾಗ್ಲಿಕ್ಕಿಲ್ಲ, ಅಲ್ವಾ?"

ಆಗ ಆ ಮಾತಿಗೆ ನಾನು ಕಿವಿ ಕೊಡಲಿಲ್ಲ. ರತ್ನಗಂಬಳಿಯ ಬಗ್ಗೆ ಹೇಳುವ ಆತುರದಲ್ಲಿದ್ದೆ. ನನಗೆ ತುಂಬ ಇಷ್ಟದ ಕತೆ ಅದು. ರೇಷ್ಮೆ, ಬೆಳ್ಳಿ ಎಳೆಯ ಆ ಕಂಬಳಿಗಳನ್ನು ಪೋಲೆಂಡಿನ ರಾಜರೂ ಕುಲೀನರೂ ಇರಾನಿನಿಂದ ತರಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಅಂಥವನ್ನು ಪ್ರದರ್ಶನಕ್ಕಿಟ್ಟಾಗ, ಮೇಲಿದ್ದ ಪೋಲಿಷ್ ವಂಶದ ಲಾಂಛನ ನೋಡಿ ಅವು ಪೋಲೆಂಡಿನಲ್ಲೇ ನೇಯ್ದವು ಎಂದು ಜನ ತಿಳಿದರು. ತಪ್ಪೆಂದು ಗೊತ್ತಾಗಿ ಎಷ್ಟೋ ಕಾಲವಾಯಿತು. ಇವತ್ತಿಗೂ ಅವನ್ನು ಪೋಲಿಷ್ ಕಂಬಳಿ ಎಂದೇ ಕರೆಯುತ್ತಾರೆ.

"ಯಾಕೆ ಸರಿ ಮಾಡೂದಿಲ್ಲ?" ಎಂದು ಕೇಳಿದಳು.

"ಎಲ್ಲರಿಗೂ ಅಭ್ಯಾಸ ಆಗಿದೆ."

ಕೊನೆಯ ಕೋಣೆಯಲ್ಲಿ ಆ ಚಿತ್ರವಿತ್ತು. ಒಂದು ಟ್ರೇಯಷ್ಟು ದೊಡ್ಡದು, ಆರು ಮೂಲೆ, ಲೋಹದ ತಗಡಿನ ಮೇಲೆ ಬರೆದದ್ದು. ವಯಸ್ಸಾದ ಹೆಂಗಸು. ತಲೆಗೆ ಬಿಳಿ ವಸ್ತ್ರ, ಕುತ್ತಿಗೆಗೆ ಕಪ್ಪು ತುಪ್ಪಳ. ಗಲ್ಲದ ಕೆಳಗೆ ಇನ್ನೊಂದು ಗಲ್ಲ, ಮೂಗಿನ ಪಕ್ಕ ಗುಳ್ಳೆ, ಒಂದು ಕಣ್ಣು ಇನ್ನೊಂದಕ್ಕಿಂತ ಸ್ವಲ್ಪ ಚಿಕ್ಕದು. ಚಿತ್ರಗಾರ ಯಾರೋ ಊರಿನವನು, ದೊಡ್ಡ ಕಲಾವಿದನಲ್ಲ. ಆದರೆ ಯಾವುದನ್ನೂ ಬಿಟ್ಟಿರಲಿಲ್ಲ. ಅಂಚಿನಲ್ಲಿ ಮೊಳೆ ಹೊಡೆದ ತೂತುಗಳು ಹಾಗೇ ಇದ್ದವು. ಅವಳು ನೇರವಾಗಿ, ಎದುರು ನಿಂತವರ ಕಣ್ಣನ್ನೇ ನೋಡುತ್ತಿದ್ದಳು.

ಮಗಳು ಒಂದು ಹೆಜ್ಜೆ ಹಿಂದೆ ಸರಿದಳು. "ಮಮ್ಮಾ, ಶಿ ಈಸ್ ಜಡ್ಜಿಂಗ್ ಅಸ್."

"ಎಂತ ಹೇಳ್ತಾಳೆ ಇವಳು?" ಎಂದಳು ಮಾವ್ಶಿ, ಗೊತ್ತಿದ್ದೂ.

"ಆ ಹೆಂಗಸು ನಮ್ಮ ತಪ್ಪು ಹುಡುಕ್ತಿದ್ದಾಳಂತೆ."

"ಹುಡುಕ್ಲಿ. ಸಿಗ್ತದೆ."

ನಾನು ದಿನವೂ ಹೇಳುವುದನ್ನು ಹೇಳಿದೆ. ಇದು ಶವಪೆಟ್ಟಿಗೆಯ ಚಿತ್ರ. ಬೇರೆಲ್ಲೂ ಇಲ್ಲದಷ್ಟು ಬಲವಾಗಿ ಪೋಲೆಂಡಿನಲ್ಲಿ ಬೇರೂರಿದ್ದ ಪದ್ಧತಿ. ಪೆಟ್ಟಿಗೆಯ ತಲೆಯ ಕಡೆಯ ತುದಿಗೆ ಸತ್ತವರ ಮುಖ, ಕಾಲಿನ ಕಡೆಗೆ ವಂಶದ ಲಾಂಛನ, ಬದಿಗಳಲ್ಲಿ ಅವರ ಬಗ್ಗೆ ಬರಹ. ಕೆಲವರು ಬದುಕಿದ್ದಾಗಲೇ ಬರೆಸಿಟ್ಟುಕೊಳ್ಳುತ್ತಿದ್ದರು. ಇಗರ್ಜಿಯ ನಡುವೆ ಮೇಣದಬತ್ತಿಗಳ ಬೆಟ್ಟದ ಮೇಲೆ ಪೆಟ್ಟಿಗೆ ಇಟ್ಟಾಗ ಈ ಮುಖ ಜನರ ಕಡೆ ತಿರುಗಿರುತ್ತಿತ್ತು. ಸತ್ತವಳು ತನ್ನ ಮರಣದ ಪೂಜೆಗೆ ತಾನೇ ಬಂದು, ಯಾರು ಯಾರು ಬಂದಿದ್ದಾರೆ ಎಂದು ನೋಡುತ್ತಿದ್ದಂತೆ. ಮಣ್ಣು ಮಾಡುವ ಮುಂಚೆ ಚಿತ್ರವನ್ನು ಕಿತ್ತು ಇಗರ್ಜಿಯ ಗೋಡೆಗೆ ಹಾಕುತ್ತಿದ್ದರು. ಇಷ್ಟು ದೊಡ್ಡ ಏರ್ಪಾಡಿಗೆ ಸಮಯ ಬೇಕು, ನೆಂಟರು ದೂರದೂರದ ಜಮೀನುಗಳಿಂದ ಕೆಟ್ಟ ದಾರಿಯಲ್ಲಿ ಬರಬೇಕು; ಹಾಗಾಗಿ ಮಣ್ಣು ಮಾಡುವುದನ್ನು ಮುಂದೆ ಹಾಕುತ್ತಿದ್ದರು.

"ಎಷ್ಟು ದಿನ?"

"ವಾರಗಟ್ಟಲೆ. ದೊಡ್ಡವರಾದ್ರೆ ತಿಂಗಳುಗಟ್ಟಲೆ."

"ದೂರ ಇದ್ದವರಿಗೆ ಕಾಯ್ತಿದ್ರು?"

"ಹೌದು."

ಮಾವ್ಶಿ ಆ ಹೆಂಗಸನ್ನೇ ನೋಡುತ್ತಿದ್ದಳು. ಆಮೇಲೆ, ತಿಂಡಿಗೆ ಏನು ಬೇಕೆಂದು ಹೇಳುವ ದನಿಯಲ್ಲಿ, "ನನಗೆ ಕಾಯ್ಲಿಲ್ಲ ಬಾಯೆ" ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ಅಜ್ಜಿಯ, ಎಂದರೆ ತನ್ನ ತಾಯಿಯ ಮರಣದ ಮಾತಾಡುತ್ತಿದ್ದಾಳೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

"ನೀನಿದ್ದಿಯಲ್ಲ? ಪೆಟ್ಟಿಗೆಯ ಫೋಟೋದಲ್ಲಿ ಇದ್ದೀ."

"ಫೋಟೋದಲ್ಲಿ ಇದ್ದೇನೆ" ಎಂದಳು.

ಪೆಟ್ಟಿಗೆಯ ಫೋಟೋ ಎಂದರೆ ನಮ್ಮ ಕಡೆಯ ಕ್ರಿಸ್ತುವರ ಮನೆಗಳಲ್ಲಿ ವಿವರಣೆ ಬೇಡ. ಮರಣದ ದಿನ, ಇಗರ್ಜಿಗೆ ಒಯ್ಯುವ ಮುಂಚೆ, ತೆರೆದ ಪೆಟ್ಟಿಗೆಯನ್ನು ಅಂಗಳದಲ್ಲಿ ಎರಡು ಬೆಂಚುಗಳ ಮೇಲೆ ಇಟ್ಟು ತಲೆಯ ಕಡೆ ಸ್ವಲ್ಪ ಎತ್ತರಿಸುತ್ತಾರೆ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಸುತ್ತ ನಿಲ್ಲುತ್ತಾರೆ. ಸ್ಟುಡಿಯೊದವನು ಮದುವೆಯಲ್ಲಿ ಹೇಳುವಂತೆಯೇ "ಸ್ವಲ್ಪ ಒತ್ತಿ ನಿಲ್ಲಿ" ಎನ್ನುತ್ತಾನೆ. ಆ ಫೋಟೋಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ಹಾಕುತ್ತಾರೆ. ಅಜ್ಜಿಯ ಫೋಟೋದಲ್ಲಿ ನಾನೂ ಇದ್ದೇನೆ. ಶಾಲೆಗೆ ಆಗಷ್ಟೇ ಸೇರಿದ ವಯಸ್ಸು, ಬಿಸಿಲಿಗೆ ಮುಖ ಹಿಂಡಿಕೊಂಡಿದ್ದೇನೆ. ನನ್ನ ಹಿಂದೆಯೇ ಮಾವ್ಶಿ, ಕಪ್ಪು ಸೀರೆ, ತಲೆ ತಗ್ಗಿಸಿದ್ದಾಳೆ. ಅಂದು ನನ್ನ ಹೆಗಲ ಮೇಲೆ ಅವಳ ಕೈ ಇತ್ತು. ಗಲ್ಫಿನಿಂದ ತಂದ ಕೊಲೋನಿನ ವಾಸನೆ ಇತ್ತು. ಇದು ನನ್ನ ಬಾಲ್ಯದ ಅತ್ಯಂತ ಸ್ಪಷ್ಟವಾದ ನೆನಪುಗಳಲ್ಲಿ ಒಂದು. ಬೇರೆಯವರಿಗೆ ಹೇಳಿದ್ದೇನೆ, ಎರಡು ಸಲ ಬರೆದಿದ್ದೇನೆ.

ಮನೆಗೆ ವಾಪಸು ಬರುವಾಗ ಕಾರಿನಲ್ಲಿ ಅವಳು ಎಲ್ಲ ಹೇಳಿದಳು. ಮಗಳು ಹಿಂದಿನ ಸೀಟಿನಲ್ಲಿ ಕಿವಿಗೆ ಹಾಡು ಹಾಕಿಕೊಂಡಿದ್ದಳು. ಆಗ ಊರಿನ ಮನೆಗೆ ಫೋನ್ ಇರಲಿಲ್ಲ, ಹೆಣ ಇಡುವ ಶೀತಲ ಪೆಟ್ಟಿಗೆಯೂ ಹತ್ತಿರದಲ್ಲೆಲ್ಲೂ ಇರಲಿಲ್ಲ. ಸುದ್ದಿ ಅಲ್ ಐನ್ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಊರಿಗೆ ಹೋದದ್ದು, ಮರಣವಾಗಿ ತಿಂಗಳಿಗೆ ಮಾಡಿಸುವ ತಿಂಗಳ ಪೂಜೆಗೆ. ಅಷ್ಟರೊಳಗೆ ಮಾಮನಿಂದ ಕಾಗದ ಬಂದಿತ್ತು: ಎಲ್ಲರೂ ಇರುವ ಫೋಟೋದಲ್ಲಿ ನೀನೊಬ್ಬಳು ಇಲ್ಲದಿದ್ದರೆ ಸರಿಯಾಗುವುದಿಲ್ಲ, ನಿನ್ನದೊಂದು ತೆಗೆಸಿ ಕಳಿಸು, ಸ್ಟುಡಿಯೊದವನು ಸೇರಿಸಿ ಕೊಡುತ್ತಾನೆ. ಅವಳು ವಾರ್ಡಿನ ಜೊತೆಗಾತಿಯಿಂದ ಕಪ್ಪು ಸೀರೆ ಕೇಳಿ ತಂದು ಅಲ್ ಐನ್‌ನ ಒಂದು ಸ್ಟುಡಿಯೊಕ್ಕೆ ಹೋಗಿದ್ದಳು.

"ಅವನು ನಗ್ಲಿಕ್ಕೆ ಹೇಳಿದ" ಎಂದಳು. "ವೀಸಾ ಫೋಟೋಕ್ಕೆ ಬಂದದ್ದು ಅಂತ ಮಾಡಿದ."

ಗಲ್ಫಿನವರನ್ನು ಹೀಗೆ ಕತ್ತರಿಸಿ ಅಂಟಿಸುವುದು ಹೊಸತಲ್ಲ. ಮದುವೆಯ ಫೋಟೋಗಳಲ್ಲಿ, ಮನೆ ಒಕ್ಕಲಿನ ಫೋಟೋಗಳಲ್ಲಿ ಬರಲಾಗದ ಅಣ್ಣ, ಭಾವಂದಿರು ಹಿಂದಿನ ಸಾಲಿನಲ್ಲಿ ಕಾಲಿಲ್ಲದೆ ನಿಂತಿರುತ್ತಾರೆ. ನಾವು ಅದಕ್ಕೆ ನಗುತ್ತೇವೆ. ಯಾರೂ ಅದನ್ನು ಸುಳ್ಳು ಎನ್ನುವುದಿಲ್ಲ. ಇರಬೇಕಾದವರನ್ನು ಇರಬೇಕಾದ ಕಡೆ ಇಟ್ಟದ್ದು, ಅಷ್ಟೆ. ಮಾಮನೂ ಪ್ರೀತಿಯಿಂದಲೇ ಮಾಡಿದ್ದ.

"ತೊಂದರೆ ಎಂತದು ಹಾಗಾದ್ರೆ?" ಎಂದು ಕೇಳಿದೆ.

"ಅವನು ಮರೆತಿದ್ದಾನೆ. ಅದೇ ತೊಂದರೆ. ಬಂದವರಿಗೆಲ್ಲ ತೋರಿಸ್ತಾನೆ, 'ಅಮ್ಮ ಹೋದಾಗ ಅಕ್ಕ ಗಲ್ಫಿಂದ ಓಡಿ ಬಂದ್ಲು ನೋಡಿ' ಅಂತ. ರಜೆಯಲ್ಲಿ ಹೋದಾಗೆಲ್ಲ ಕೇಳಿದ್ದೇನೆ. ಹದಿನೈದು ದಿನ ಆದ್ರೆ ತಡ್ಕೊಳ್ಳಬಹುದು. ಇನ್ನು ಸಾಯೂವರೆಗೆ ಆ ಹಾಲ್‌ನಲ್ಲಿ ಕೂತು ಹೇಗೆ ಕೇಳೂದು?"

ಬಾಡಿಗೆ ಫ್ಲಾಟಿನ, ಲಿಫ್ಟಿನ ಕಾರಣ ಇದಾಗಿತ್ತು.

ಮನೆ ಮುಟ್ಟಿದ ಮೇಲೆ ನಾನು ಮಾಡಿದ ಮೊದಲ ಕೆಲಸ, ಮಾಮ ಎಂದೋ ಕಳಿಸಿದ್ದ ಆ ಫೋಟೋವನ್ನು ಫೋನಿನಲ್ಲಿ ಹಿಗ್ಗಿಸಿ ನೋಡಿದ್ದು. ನೋಡಿದರೆ ಎಲ್ಲವೂ ಎದುರಿಗೇ ಇದೆ. ಉಳಿದವರ ಮೇಲೆ ಬಿಸಿಲು ಎಡದಿಂದ ಬಿದ್ದು ಮೂಗಿನ ನೆರಳು ಬಲಗೆನ್ನೆಯ ಮೇಲಿದೆ. ಮಾವ್ಶಿಯ ಮುಖದಲ್ಲಿ ನೆರಳೇ ಇಲ್ಲ. ಕಿವಿಯ ಹತ್ತಿರ ಕತ್ತರಿ ಹೋದ ಗೆರೆ. ಪಕ್ಕದವರಿಗಿಂತ ತಲೆ ತುಸು ದೊಡ್ಡದು. ಇದೇ ಒಂದು ಹಳೆಯ ಚಿತ್ರವಾಗಿದ್ದರೆ ನಾನು ಮೊದಲ ನೋಟಕ್ಕೇ ಹೇಳಿಬಿಡುತ್ತಿದ್ದೆ. ನನ್ನ ಹೆಗಲ ಮೇಲೆ ಕೈ ಇಲ್ಲ. ಇರಲು ಸಾಧ್ಯವೂ ಇಲ್ಲ. ಅಲ್ಲಿ ಇನ್ನೊಬ್ಬ ಚಿಕ್ಕಮ್ಮನ ಸೀರೆಯ ಅಂಚು ಇದೆ.

ಹಾಗಾದರೆ ಆ ಕೈ, ಆ ಕೊಲೋನು? ತಿಂಗಳ ಪೂಜೆಯದಿರಬೇಕು. ಅವಳು ಆಗ ಬಂದಿದ್ದಳು, ನಾನೂ ಇದ್ದೆ. ಇದು ಒಪ್ಪಬಹುದಾದ ವಿವರಣೆ. ಆದರೆ ನೆನಪಿನಲ್ಲಿ ಎದುರಿಗೆ ಪೆಟ್ಟಿಗೆ ಇದೆ, ಅಜ್ಜಿಯ ಕೈಯಲ್ಲಿ ಜಪಸರ ಇದೆ. ಎರಡು ದಿನಗಳನ್ನು ಕತ್ತರಿಸಿ ಒಂದಕ್ಕೊಂದು ಅಂಟಿಸಿದವಳು ನಾನೇ. ಸ್ಟುಡಿಯೊದವನಿಗಿಂತ ಚೊಕ್ಕವಾಗಿ ಅಂಟಿಸಿದ್ದೆ, ಗೆರೆ ಕಾಣುತ್ತಿರಲಿಲ್ಲ.

ಮುಂದಿನ ಭಾನುವಾರ ಮಾಮ ಫೋನ್ ಮಾಡಿದಾಗ ಮಾವ್ಶಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು.

"ನೋಡು, ಅಮ್ಮ ಹೋದಾಗ ನಾನು ಬರ್ಲಿಲ್ಲ" ಎಂದಳು, ಪೀಠಿಕೆಯಿಲ್ಲದೆ.

"ಯಾರು ಹೇಳಿದ್ದು? ಫೋಟೋದಲ್ಲಿ ಉಂಟಲ್ಲ."

"ಅಂಟಿಸಿದ್ದು. ನೀನೇ ಅಂಟಿಸಿದ್ದು."

"ನಾನೆಂತ ಅಂಟಿಸೂದು! ನಾನೇ ಬಜಪೆ ಏರ್‌ಪೋರ್ಟಿಗೆ ಬಂದು ಕರ್ಕೊಂಡು ಬಂದದ್ದು ನಿನ್ನನ್ನು. ಕಾರಿನಲ್ಲಿ ಎಷ್ಟು ಅತ್ತಿದ್ದಿ ನೀನು!"

"ಅದು ತಿಂಗಳ ಪೂಜೆಗೆ. ನಾನು ಬರುವಾಗ ಆ ಫೋಟೋ ಗೋಡೆಯಲ್ಲಿತ್ತು. ಅದನ್ನು ನೋಡಿ ಬಾಗ್ಲಲ್ಲೇ ನಿಂತೆ, ನೀನು ಬ್ಯಾಗು ಹಿಡ್ಕೊಂಡು 'ಒಳಗೆ ಬಾ' ಅಂದಿ."

ಆ ಕಡೆ ಫ್ಯಾನಿನ ಸದ್ದು ಕೇಳುತ್ತಿತ್ತು. ಆಮೇಲೆ ಮಾಮ, "ಬ್ಯಾಗು ಕೆಂಪು" ಎಂದ.

"ಕೆಂಪು" ಎಂದಳು ಮಾವ್ಶಿ.

"ಹಾಗಾದ್ರೆ ಎಂತ ಮಾಡೂದು? ತೆಗೀಲಾ ಫೋಟೋವನ್ನು?"

ಅವಳು ನನ್ನ ಮುಖ ನೋಡಿದಳು. ನಿಜ ಹೇಳಬೇಕೆಂದರೆ ನನಗೆ ತೆಗೆಯುವುದು ಬೇಡವಾಗಿತ್ತು. "ಈಗ ಬೇಡ. ನಾನು ಹೇಳ್ತೇನೆ" ಎಂದು ಅವಳು ಫೋನಿಟ್ಟಳು.

ಮಾರನೆಯ ವಾರ ಊರಿಗೆ ಒಯ್ಯುವ ಸಾಮಾನು ಕೊಳ್ಳಲು ದುಬೈಗೆ ಹೋದೆವು. ನೈಫ್ ಪೇಟೆಯ ಅಂಗಡಿಗಳಲ್ಲಿ ಪಿಸ್ತಾ, ಬಾದಾಮಿ, ಟಾರ್ಚು, ಮುಲಾಮು, ಮಾಮನಿಗೆ ಎರಡು ಅಂಗಿ. ಹೆಗಲು ಬಿದ್ದುಹೋಗುವಷ್ಟು ಚೀಲಗಳಾದ ಮೇಲೆ ಅವಳು ಒಂದು ಫೋಟೋ ಸ್ಟುಡಿಯೊದ ಮುಂದೆ ನಿಂತಳು. ಹೋಟೆಲಿಗೂ ಮೊಬೈಲ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಕಿರಿದಾದ ಜಾಗ. ಒಳಗಿದ್ದವರು ನಮ್ಮ ಕಡೆಯ ಬ್ಯಾರಿ. ನಮ್ಮ ಮಾತು ಕೇಳಿದ ಕೂಡಲೇ ಕನ್ನಡಕ್ಕೆ ಬಂದರು.

"ಬನ್ನಿ ಬನ್ನಿ, ಕೂತ್ಕೊಳ್ಳಿ. ಯಾವುದಕ್ಕೆ ಫೋಟೋ? ಪಾಸ್‌ಪೋರ್ಟಾ, ವೀಸಾವಾ?"

"ನನ್ನ ಮರಣಕ್ಕೆ" ಎಂದಳು ಮಾವ್ಶಿ.

ಅವರು ಒಂದು ಕ್ಷಣ ಅವಳನ್ನು, ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಗಂಭೀರವಾಗಿ, "ಅದಕ್ಕೆ ಹಿಂದೆ ಬಿಳಿಯಾ ನೀಲಿಯಾ?" ಎಂದು ಕೇಳಿದರು.

ಮಾವ್ಶಿ ನಕ್ಕದ್ದನ್ನು ನೀವು ನೋಡಬೇಕಿತ್ತು. ನಗು ನಿಲ್ಲುವವರೆಗೆ ಅವರು ಕಾದರು, ಅವರೂ ನಕ್ಕರು, "ಅಲ್ಲಾಹು ನಿಮಗೆ ಆಯುಸ್ಸು ಕೊಡ್ಲಿ, ಬೂದು ಹಾಕುವಾ" ಎಂದರು. ಅವಳು ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಸ್ವಲ್ಪ ಬಲಕ್ಕೆ ತಿರುಗಿ ಎಂದರೆ ತಿರುಗಲಿಲ್ಲ. ಕನ್ನಡಕ ತೆಗೆಯಲಿಲ್ಲ. ನೇರವಾಗಿ ಕ್ಯಾಮೆರಾದೊಳಕ್ಕೆ ನೋಡಿದಳು. ಸ್ಕ್ರೀನಿನಲ್ಲಿ ಚಿತ್ರ ಬಂದಾಗ ಅವರ ಕೈ ಅಭ್ಯಾಸದಿಂದ ಹಣೆಯ ಗೆರೆಗಳನ್ನು ಅಳಿಸತೊಡಗಿತು.

"ಅದು ಬೇಡ" ಎಂದಳು.

"ಸ್ವಲ್ಪ ಮಾತ್ರ, ತಾಯಿ. ಮುಖಕ್ಕೆ ಬೆಳಕು ಬರ್ತದೆ. ಇಪ್ಪತ್ತು ವರ್ಷ ಕಮ್ಮಿ ಮಾಡ್ತೇನೆ, ಪೈಸೆ ಇಲ್ಲ."

"ಇಪ್ಪತ್ತು ವರ್ಷ ಕಮ್ಮಿ ಮಾಡಿದ್ರೆ ನಾನು ಪುನಃ ಡ್ಯೂಟಿಗೆ ಹೋಗ್ಬೇಕು. ಇದ್ದ ಹಾಗೆ ಕೊಡಿ. ಖಲಾಸ್."

"ಈ ಕಲೆ?"

"ಅದು ನನ್ನದೇ."

ದೊಡ್ಡ ಪ್ರಿಂಟು ತೆಗೆಸಿದಳು. ಆರು ಮೂಲೆಯ ಚೌಕಟ್ಟು ಸಿಗುತ್ತದೆಯೇ ಎಂದು ನಾನು ತಮಾಷೆಗೆ ಕೇಳಿದೆ. "ನಾನೇನು ಕುಲೀನಳಾ? ನಾಲ್ಕು ಸಾಕು" ಎಂದಳು. ಕಾರಿನಲ್ಲಿ ಚಿತ್ರವನ್ನು ಕಾಗದದಿಂದ ಅರ್ಧ ಬಿಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಅಬುಧಾಬಿ ಬರುವ ಹೊತ್ತಿಗೆ ತೀರ್ಮಾನವಾಗಿತ್ತು. ಹಳೆಯ ಫೋಟೋ ತೆಗೆಯುವುದು ಬೇಡ. ಅಮ್ಮನಿರುವ ಫೋಟೋ ಅದು, ತಮ್ಮನ ಆಸೆಯೂ ಅದರಲ್ಲಿದೆ. ಅದರ ಪಕ್ಕದಲ್ಲಿ, ಅದೇ ಎತ್ತರಕ್ಕೆ, ಇದು ಇರಲಿ. ಬಂದವರು ಕೇಳಿದರೆ ಮಾಮ ಎರಡರ ಕತೆಯನ್ನೂ ಹೇಳಬೇಕು. ಅವಳ ದಿನ ಬಂದಾಗ ಇದನ್ನು ಗೋಡೆಯಿಂದ ತೆಗೆದು ಪೆಟ್ಟಿಗೆಯ ತಲೆಯ ಕಡೆ, ಜನರಿಗೆ ಎದುರಾಗಿ ಇಡಬೇಕು.

"ಯಾರು ಬಂದಿದ್ದಾರೆ ನೋಡ್ಬೇಕಲ್ಲ" ಎಂದಳು. "ನೀನು ಇಲ್ಲಿಂದ ಬರುವಾಗ ತಡ ಆದ್ರೆ ಅಂಟಿಸ್ಲಿಕ್ಕೆ ಬಿಡ್ಬೇಡ. ಬರ್ಲಿಲ್ಲ ಅಂತಲೇ ಇರ್ಲಿ."

"ಬರ್ತೇನೆ."

"ಬರ್ತೀ. ಆದ್ರೂ ಹೇಳಿದೆ."

ಈಗ ಅವಳು ಮಾಮನ ಮನೆಯಲ್ಲಿದ್ದಾಳೆ. ಬಚ್ಚಲಿನ ಕಂಬಿಯನ್ನು ಟವೆಲ್ ಒಣಗಿಸಲು ಬಳಸುತ್ತಾಳಂತೆ. ಹಾಲ್‌ನ ಗೋಡೆಯ ಚಿತ್ರ ಕಳಿಸಿದ್ದಾಳೆ: ಎರಡು ಚೌಕಟ್ಟು, ನಡುವೆ ಅಂಗೈಯಗಲ ಜಾಗ. ಒಂದರಲ್ಲಿ ತಲೆ ತಗ್ಗಿಸಿದ ಎಳೆಯ ನರ್ಸು, ಇನ್ನೊಂದರಲ್ಲಿ ಎದುರು ನಿಂತವರನ್ನು ಎಣಿಸಿ ನೋಡುತ್ತಿರುವ ಮುದುಕಿ. ಮಾಮ ಎರಡರ ಕತೆಯನ್ನೂ ಹೇಳುತ್ತಾನೆ. ಅವನ ಬಾಯಲ್ಲಿ ಎರಡನೆಯ ಕತೆ ಆಗಲೇ ಮೊದಲಿನದಕ್ಕಿಂತ ಉದ್ದವಾಗಿದೆ, ಬ್ಯಾಗಿನ ಬಣ್ಣಕ್ಕೆ ಒಳ್ಳೆಯ ಜಾಗ ಸಿಕ್ಕಿದೆ ಎಂದು ಅವಳ ದೂರು. ಆದರೆ ಅವಳು ಆ ಹಾಲ್‌ನಲ್ಲಿ ಕೂರುತ್ತಾಳೆ.

ಪೋಲೆಂಡಿನ ವಸ್ತುಗಳು ಪೆಟ್ಟಿಗೆ ಸೇರಿ ವಾಪಸು ಹೋದವು. ಆ ಗೋಡೆಗೆ ಬೇರೆ ಬಣ್ಣ ಹೊಡೆದರು. ಈಗ ಹಸಿರೋ ಬೂದೋ ಎಂದು ನೋಡುವಂತೆಯೂ ಇಲ್ಲ. ನಾನು ಮಾತ್ರ ಆಗಾಗ ಮೊದಲ ಫೋಟೋವನ್ನೇ ತೆರೆಯುತ್ತೇನೆ. ಅಂಟಿಸಿದ ಗೆರೆ ಈಗ ತಾನಾಗಿ ಕಣ್ಣಿಗೆ ಬೀಳುತ್ತದೆ, ಅದರಲ್ಲಿ ಕುತೂಹಲ ಉಳಿದಿಲ್ಲ. ಉಳಿದದ್ದು ಅವಳ ತಗ್ಗಿದ ಕಣ್ಣು. ವೀಸಾ ಫೋಟೋಕ್ಕೆ ನಗುವಂತೆ ಹೇಳಿದವನ ಎದುರು, ಸಾಲ ತಂದ ಸೀರೆಯಲ್ಲಿ ನಿಂತು, ಅವಳು ಕೆಳಗೆ ನೋಡಿದ್ದಾಳೆ. ಅಂಟಿಸಿದ ಮೇಲೆ ಆ ನೋಟ ಹೋಗಿ ಸರಿಯಾಗಿ ಅಜ್ಜಿಯ ಮುಖದ ಮೇಲೆ ಬಿದ್ದಿದೆ. ಸ್ಟುಡಿಯೊದ ನೆಲದಲ್ಲಿ ಅಜ್ಜಿ ಇರಲಿಲ್ಲ.

ಅದನ್ನು ಕೇಳಬಾರದಿತ್ತೇನೋ ಎಂದು ಈಗಲೂ ಅನ್ನಿಸುತ್ತದೆ. ಆದರೂ ಒಂದು ಸಂಜೆ ಆ ಪ್ರಶ್ನೆಯನ್ನು ಫೋನಿನಲ್ಲಿ ದನಿ ಮುದ್ರಿಸಿ ಕಳಿಸಿದೆ. ಅವಳು ಕೇಳಿಸಿಕೊಂಡದ್ದಕ್ಕೆ ಗುರುತು ಬಿತ್ತು. ಮರುದಿನ ಅವಳು ಪೇಟೆಯಲ್ಲಿ ಬಂಗುಡೆ ಒಳ್ಳೆಯದು ಬರುತ್ತಿಲ್ಲ ಎಂದು ಹೇಳಿ, ಮಗಳ ಪರೀಕ್ಷೆಯ ಬಗ್ಗೆ ವಿಚಾರಿಸಿದಳು. ಅದಾದ ಮೇಲೆ ಎಷ್ಟೋ ಸಲ ಮಾತಾಡಿದ್ದೇವೆ. ನಾನು ಮತ್ತೆ ಕೇಳಿಲ್ಲ, ಅವಳು ಹೇಳಿಲ್ಲ. ಕೇಳಿದ್ದು ಇಷ್ಟೇ: ಮಾವ್ಶಿ, ಆವತ್ತು ಆ ಸ್ಟುಡಿಯೊದಲ್ಲಿ ತಲೆ ತಗ್ಗಿಸಿ ನಿಂತಾಗ, ನೀನು ಎಂತ ನೋಡ್ತಿದ್ದಿ?